ತ್ರಿವಳಿಯೂ ಸಿಕ್ಸ್ ಪ್ಯಾಕೂ

ನಮ್ಮ ಪ್ರಾಚೀನ ಕವಿಗಳು ಉದರವೆಂಬ ಅಂಗವನ್ನು ಕುರಿತು ತಳೆದಿದ್ದ ರಸಿಕತೆಯು ಇಂದಿನ ತರುಣರಿಗೆ ತುಸು ವಿಚಿತ್ರವಾಗಿ ತೋರೀತು. ನಾಯಿಕೆಯ ನಡು ಬಡವಾಗಿರಬೇಕು, ಇದೆಯೋ ಇಲ್ಲವೋ ಎಂಬ ಸಂಶಯಕ್ಕೆ ಎಡೆಗೊಡುವಷ್ಟು ಸಣ್ಣದಾಗಿರಬೇಕು. ಆದರೂ ಆ ಸಣ್ಣ ನಡುವಿನ ಮೇಲೆಯೇ ತ್ರಿವಳಿಗಳೆಂಬ ಮೂರು ಮೆತ್ತನೆಯ ಮಡಿಕೆಗಳು ನೀರಿನ ತೆರೆಗಳಂತೆ ಮೂಡಿರಬೇಕು. ಪುರುಷರ ವಿಷಯಕ್ಕೆ ಬಂದರೆ, ಭೀಮನನ್ನು ವೃಕೋದರನೆಂದು, ಎಂದರೆ ತೋಳನ ಹೊಟ್ಟೆಯವನೆಂದು ಕರೆದವರು ಆತನ ಹಸಿವನ್ನು ಕೊಂಡಾಡಿದರೇ ಹೊರತು ಹೊಟ್ಟೆಯ ಮೇಲಿನ ಮಾಂಸಖಂಡಗಳನ್ನು ಎಣಿಸುವ ಗೋಜಿಗೆ ಹೋಗಲಿಲ್ಲ. ಗಣಪತಿಯ ಡೊಳ್ಳುಹೊಟ್ಟೆಯಂತೂ ಲಂಬೋದರನೆಂಬ ಹೆಸರಾಗಿ ಪೂಜೆಯನ್ನೇ ಪಡೆಯಿತು. ಶ್ರವಣಬೆಳಗೊಳದಲ್ಲಿ 57 ಅಡಿಯ ಗೊಮ್ಮಟನನ್ನು ಕಡೆದ ಶಿಲ್ಪಿಯೂ, ಜಗಜಟ್ಟಿಯಾದ ಬಾಹುಬಲಿಯೇ ತನ್ನ ಮುಂದಿದ್ದಾನೆಂದು ಬಲ್ಲವನಾಗಿಯೂ, ಆ ವಿಶಾಲವಾದ ಉದರದ ಮೇಲೆ ಸ್ನಾಯುವಿನ ಗಂಟುಗಳನ್ನು ಕೊರೆಯಲಿಲ್ಲ. ಉಸಿರು ತುಂಬಿಕೊಂಡು ಶಾಂತವಾಗಿ ನಿಂತ ಶರೀರದ ನುಣುಪನ್ನಷ್ಟೇ ಕಲ್ಲಿನಲ್ಲಿ ಬಿಟ್ಟನು.

ಇಷ್ಟೆಲ್ಲ ನನಗೆ ನೆನಪಾದುದು ನನ್ನ ತಂಗಿಯ ಮಗನ ದೆಸೆಯಿಂದ. ಕಾಲೇಜು ವ್ಯಾಸಂಗಕ್ಕೆಂದು ಮೈಸೂರಿನ ನಮ್ಮ ಮನೆಯಲ್ಲಿ ಬಂದಿಳಿದಿರುವ ಈ ಹುಡುಗನು ದಿನವೂ ಬೆಳಗ್ಗೆ ಐದೂವರೆಗೆ ಮಹಡಿಯ ಕೋಣೆಯಲ್ಲಿ ಚಾಪೆ ಹಾಸಿ ಮಲಗಿ, ಮೊಣಕಾಲು ಮಡಿಸಿ, ತಲೆಯ ಹಿಂದೆ ಕೈ ಕಟ್ಟಿ, ಇನ್ನೂರು ಸಲ ಅರ್ಧಂಬರ್ಧ ಎದ್ದು ಮಲಗುತ್ತಾನೆ. ಕ್ರಂಚಸ್ ಎಂದು ಅದಕ್ಕೆ ಹೆಸರು. ಬಳಿಕ ಕನ್ನಡಿಯ ಮುಂದೆ ಬನಿಯನ್ನನ್ನು ಮೇಲಕ್ಕೆತ್ತಿ, ಒಮ್ಮೆ ಉಸಿರು ಹಿಡಿದು, ಒಮ್ಮೆ ಬಿಟ್ಟು, ಪಕ್ಕಕ್ಕೆ ತಿರುಗಿ ತನ್ನ ಹೊಟ್ಟೆಯನ್ನು ಪರೀಕ್ಷಿಸಿಕೊಂಡು, ನಿರಾಶನಾಗಿ ಕೆಳಗಿಳಿದು ಬರುತ್ತಾನೆ. ಎರಡು ತಿಂಗಳು ಇದನ್ನು ನಡೆಸಿದ ಮೇಲೆ ಒಂದು ದಿನ ಕೇಳಿದ: “ಮಾವ, ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿದೆ, ಮುಟ್ಟಿ ನೋಡಿ ಬೇಕಾದರೆ. ಆದರೂ ಯಾಕೆ ಕಾಣಿಸ್ತಾ ಇಲ್ಲ?”

ಮುಟ್ಟಿ ನೋಡಿದೆ, ಒಳಗೆ ನಿಜವಾಗಿಯೂ ಗಟ್ಟಿಯಾಗಿತ್ತು. ಅವನ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವು ಅಡಗಿದ್ದಿತು.

ಸಿಕ್ಸ್ ಪ್ಯಾಕ್ ಎಂದು ಜನ ಕರೆಯುವ ಆ ಆರು ಉಬ್ಬುಗಳು ಆರು ಸ್ನಾಯುಗಳೇನೂ ಅಲ್ಲ. ರೆಕ್ಟಸ್ ಅಬ್ಡಾಮಿನಿಸ್ ಎಂಬ ಉದ್ದನೆಯ ಪಟ್ಟಿಯಂತಹ ಸ್ನಾಯುವೊಂದು ಎದೆಗೂಡಿನ ಐದು, ಆರು, ಏಳನೆಯ ಪಕ್ಕೆಲುಬುಗಳ ಮೃದ್ವಸ್ಥಿಯಿಂದ ಕೆಳಗೆ ಕಿಬ್ಬೊಟ್ಟೆಯ ಮೂಳೆಯವರೆಗೆ, ಎಡಕ್ಕೊಂದು ಬಲಕ್ಕೊಂದರಂತೆ, ಹಬ್ಬಿಕೊಂಡಿರುವುದು. ಎರಡರ ನಡುವೆ ಮೇಲಿನಿಂದ ಕೆಳಕ್ಕೆ ಬಿಳಿಯ ನಾರಿನ ಗೆರೆಯೊಂದಿದೆ. ಪ್ರತಿಯೊಂದು ಪಟ್ಟಿಗೂ ಅಡ್ಡಲಾಗಿ, ಸಾಮಾನ್ಯವಾಗಿ ಮೂರು ಕಡೆ, ಅಂತಹುದೇ ನಾರಿನ ಬಂಧಗಳಿವೆ. ಹೂವಾಡಗಿತ್ತಿಯು ಉದ್ದನೆಯ ಹಾರವನ್ನು ಅಲ್ಲಲ್ಲಿ ದಾರ ಬಿಗಿದು ಗಂಟುಗಂಟಾಗಿಸುವಂತೆ, ಈ ಬಂಧಗಳು ಸ್ನಾಯುವನ್ನು ಬಿಗಿಹಿಡಿದಿರುವುದರಿಂದ ನಡುನಡುವಿನ ಭಾಗವು ಉಬ್ಬಿ ತೋರುವುದು. ಬಂಧಗಳ ಸಂಖ್ಯೆಯೂ ಅವುಗಳ ಓರೆಕೋರೆಯೂ ಹುಟ್ಟಿನಿಂದಲೇ ಬಂದುವು. ಕೆಲವರಿಗೆ ನಾಲ್ಕೇ ಉಬ್ಬು, ಕೆಲವರಿಗೆ ಎಂಟು. ಎಡಬಲಗಳು ಸರಿಸಮನಾಗಿರುವವರು ಭಾಗ್ಯವಂತರು. ನಾಲ್ಕು ಪಡೆದು ಬಂದವನು ಯಾವ ಜಿಮ್ಮಿಗೆ ಎಷ್ಟು ಶುಲ್ಕ ತೆತ್ತರೂ ಆರು ಮಾಡಿಕೊಳ್ಳಲಾರನು. ಇದನ್ನು ಮಾತ್ರ ಯಾವ ಜಿಮ್ಮಿನ ಫಲಕದ ಮೇಲೂ ಬರೆದುದನ್ನು ನಾನು ಕಂಡಿಲ್ಲ.

ಅಂತೂ ಸ್ನಾಯುವು ಎಲ್ಲರಲ್ಲಿಯೂ ಇದೆ, ನನ್ನಲ್ಲಿಯೂ ಇದೆ. ಅದರ ಮೇಲೆ ಚರ್ಮ, ಚರ್ಮಕ್ಕೂ ಸ್ನಾಯುವಿಗೂ ನಡುವೆ ಕೊಬ್ಬಿನ ಹೊದಿಕೆ. ನನ್ನ ಅಳಿಯನು ಮಾಡುತ್ತಿದ್ದುದು ಕಂಬಳಿ ಹೊದೆಸಿಟ್ಟ ವಿಗ್ರಹವನ್ನು ಒಳಗೊಳಗೇ ಇನ್ನಷ್ಟು ನಯಗೊಳಿಸುವ ಕೆಲಸ.

ಹೊಟ್ಟೆಗೆ ವ್ಯಾಯಾಮ ಕೊಟ್ಟರೆ ಹೊಟ್ಟೆಯ ಕೊಬ್ಬೇ ಕರಗುವುದೆಂಬ ನಂಬಿಕೆಯು ಎಷ್ಟು ಸಹಜವೋ ಅಷ್ಟೇ ಹಠಮಾರಿ. ಇದನ್ನು ಪರೀಕ್ಷಿಸಿದವರು ಇದ್ದಾರೆ. 1971ರಲ್ಲಿ ಅಮೆರಿಕದಲ್ಲಿ ಟೆನಿಸ್ ಆಟಗಾರರ ಎರಡು ತೋಳುಗಳನ್ನೂ ಅಳೆದು ನೋಡಿದರು. ಆಡುವ ತೋಳಿನ ಸ್ನಾಯು ದಪ್ಪನಾಗಿತ್ತು, ಆದರೆ ಅದರ ಮೇಲಿನ ಕೊಬ್ಬು ಇನ್ನೊಂದು ತೋಳಿನಷ್ಟೇ ಇತ್ತು. 1984ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ 27 ದಿನಗಳ ಅವಧಿಯಲ್ಲಿ ಒಬ್ಬೊಬ್ಬರಿಂದ ಒಟ್ಟು 5004 ಸಿಟ್-ಅಪ್ ಮಾಡಿಸಿ (ಆ ನಾಲ್ಕನ್ನು ಕೂಡಿಸಿದ ಸಂಶೋಧಕನ ಪ್ರಾಮಾಣಿಕತೆಗೆ ನಮಸ್ಕಾರ), ಹೊಟ್ಟೆ, ಬೆನ್ನು, ಪೃಷ್ಠಗಳಿಂದ ಸೂಜಿಯ ಮೂಲಕ ಕೊಬ್ಬಿನ ಕಣಗಳನ್ನು ತೆಗೆದು ಅಳೆದಾಗ, ಮೂರೆಡೆಯಲ್ಲಿಯೂ ಕಣಗಳು ಒಂದೇ ಬಗೆಯಾಗಿ ಕಿರಿದಾಗಿದ್ದುವು. ಹೊಟ್ಟೆಗೆ ವಿಶೇಷ ರಿಯಾಯಿತಿ ಏನೂ ದೊರೆತಿರಲಿಲ್ಲ. 2011ರಲ್ಲಿ 24 ಮಂದಿಯನ್ನಿಟ್ಟುಕೊಂಡು, ಅವರಲ್ಲಿ ಒಂದು ಗುಂಪಿನಿಂದ ವಾರಕ್ಕೆ 5 ದಿನದಂತೆ 6 ವಾರ ಹೊಟ್ಟೆಯ ಏಳು ಬಗೆಯ ವ್ಯಾಯಾಮಗಳನ್ನು ಮಾಡಿಸಿದಾಗಲೂ ಸ್ನಾಯುವಿನ ತಾಳ್ಮೆ ಹೆಚ್ಚಿತು, ಸೊಂಟದ ಸುತ್ತಳತೆ ಇದ್ದಲ್ಲಿಯೇ ಇತ್ತು.

ಕಾರಣವು ಸರಳವಾದುದು. ಕೊಬ್ಬಿನ ಕಣವು ತನ್ನ ಪಕ್ಕದ ಸ್ನಾಯುವಿಗೆ ನೇರವಾಗಿ ಬಡಿಸುವುದಿಲ್ಲ. ದೇಹಕ್ಕೆ ಇಂಧನದ ಕೊರತೆಯಾದಾಗ ಅಡ್ರಿನಲಿನ್ ಮೊದಲಾದ ಹಾರ್ಮೋನುಗಳು ರಕ್ತದಲ್ಲಿ ಸುತ್ತಿ ಮೈಯೆಲ್ಲದರ ಕೊಬ್ಬಿನ ಕಣಗಳಿಗೂ ಸುದ್ದಿ ಮುಟ್ಟಿಸುವುವು. ಕಣಗಳು ಕೊಬ್ಬನ್ನು ಆಮ್ಲವಾಗಿ ಒಡೆದು ರಕ್ತಕ್ಕೆ ಬಿಡುವುವು. ಅದನ್ನು ಎಲ್ಲಿ ಬೇಕೋ ಅಲ್ಲಿನ ಸ್ನಾಯು ಎತ್ತಿಕೊಳ್ಳುವುದು. ಯಾವ ಕಡೆಯ ದಾಸ್ತಾನು ಮೊದಲು ಬರಿದಾಗಬೇಕೆಂಬುದು ವಂಶ, ಲಿಂಗ, ವಯಸ್ಸುಗಳ ಮಾತು. ಹಿಂದೆ ನಮ್ಮ ಬಯಲುಸೀಮೆಯ ಊರುಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದೊಳಗಿನ ಆ ಕಣಜದಲ್ಲಿ ಮೊದಲು ಸುರಿದ ಕಾಳು ತಳದಲ್ಲಿ ಕುಳಿತು ಎಲ್ಲಕ್ಕಿಂತ ಕೊನೆಗೆ ಹೊರಬರುತ್ತಿತ್ತು. ಗಂಡಸರ ಹೊಟ್ಟೆಯೂ ಹಾಗೆಯೇ. ಕೆನ್ನೆ ಇಳಿಯುವುದು, ತೋಳಿನ ನರ ಕಾಣಿಸುವುದು, ಎದುರಾದವರು “ಏನು, ಮೈಯಲ್ಲಿ ಹುಷಾರಿಲ್ಲವೆ?” ಎಂದು ಕೇಳತೊಡಗುವರು; ಹೊಕ್ಕುಳಿನ ಕೆಳಗಿನ ಒಂದು ಹಿಡಿ ಮಾತ್ರ ಕದಲದೆ ಕುಳಿತಿರುವುದು.

ಹಾಗೆ ಕರಗಿದ ಕೊಬ್ಬು ಎಲ್ಲಿಗೆ ಹೋಗುವುದೆಂದು ಕೇಳಿದರೆ ಬಹುಮಂದಿ ಬೆವರಿನಲ್ಲಿ ಎನ್ನುವರು, ಕೆಲವರು ಶಾಖವಾಗಿ ಎನ್ನುವರು. 2014ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ಇದರ ಲೆಕ್ಕವನ್ನು ಬಿಡಿಸಿಟ್ಟರು: 10 ಕಿಲೊ ಕೊಬ್ಬು ಪೂರ್ಣವಾಗಿ ಉರಿದರೆ 8.4 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಬೀಳುವುದು, ಉಳಿದ 1.6 ಕಿಲೊ ನೀರಾಗುವುದು. ತೆಳ್ಳಗಾಗುವುದೆಂದರೆ ಬಹುಮಟ್ಟಿಗೆ ಉಸಿರಾಗಿ ಹೋಗುವುದು! ಆದರೆ ಸುಮ್ಮನೆ ಕುಳಿತು ಜೋರಾಗಿ ಉಸಿರು ಬಿಟ್ಟರೆ ತಲೆ ಸುತ್ತುವುದೇ ವಿನಾ ಕೊಬ್ಬು ಕರಗದು. ಮೊದಲು ಅದು ಒಳಗೆ ಉರಿಯಬೇಕು, ಉರಿಯಬೇಕಾದರೆ ಹೊರಗಿನಿಂದ ಬರುವ ಇಂಧನವು ಕಡಮೆಯಾಗಬೇಕು. ಇಲ್ಲಿಗೆ ಮಹಡಿಯ ಮೇಲಿನ ಕಥೆ ಮುಗಿದು ಅಡಿಗೆಮನೆಯ ಕಥೆ ಮೊದಲಾಗುತ್ತದೆ.

ಒಂದು ಭಾನುವಾರ ನಾನೂ ಅಳಿಯನೂ ಅಡಿಗೆಮನೆಯಲ್ಲಿ ತಕ್ಕಡಿಯೊಂದನ್ನಿಟ್ಟುಕೊಂಡು ಕುಳಿತೆವು. ಹುಡುಗನ ಅಜ್ಜಿ, ಎಂದರೆ ನನ್ನ ತಾಯಿ, ಹುರುಳಿಕಾಯಿ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದರು. ಎಣ್ಣೆಯನ್ನು ಅಳೆಯುವ ಪದ್ಧತಿ ಅವರಲ್ಲಿಲ್ಲ. ಪಾತ್ರೆಯಿಂದ ಬಾಣಲೆಗೆ ಬಗ್ಗಿಸುವಾಗ ಕೈಯೇ ಅಳತೆ, ಸಾಸಿವೆಯ ಚಟಪಟ ಸದ್ದೇ ಸಾಕ್ಷಿ. ಅವರು ಬಗ್ಗಿಸಿದುದನ್ನು ಅವರ ಆಕ್ಷೇಪಣೆಯ ನಡುವೆಯೇ ಒಂದು ಬಟ್ಟಲಿಗೆ ಹಿಡಿದು ತೂಗಿದೆವು: 42 ಗ್ರಾಂ. ಎಣ್ಣೆಯ ಒಂದು ಗ್ರಾಮಿನಲ್ಲಿ 9 ಕ್ಯಾಲೊರಿ. ಹಿಟ್ಟು-ಸಕ್ಕರೆಗಳಲ್ಲಿಯೂ ಬೇಳೆಯ ಸಸಾರಜನಕದಲ್ಲಿಯೂ ಗ್ರಾಮಿಗೆ 4. ಮೂರು ಮಂದಿಯ ಪಲ್ಯದಲ್ಲಿ ತರಕಾರಿಗಿಂತ ಎಣ್ಣೆಯ ಶಕ್ತಿಯೇ ಹೆಚ್ಚಾಗಿ, ತಲೆಗೆ 126 ಕ್ಯಾಲೊರಿ ಬಿದ್ದಿತು. ಇತ್ತ ಹುಡುಗನ ಇನ್ನೂರು ಕ್ರಂಚಸ್ ಹತ್ತು ನಿಮಿಷದ ಕೆಲಸ. ಅರುವತ್ತು ಕಿಲೊ ತೂಕದವನಿಗೆ ಅದರಿಂದ ವೆಚ್ಚವಾಗುವುದು ನಲವತ್ತು-ಐವತ್ತು ಕ್ಯಾಲೊರಿ ಇದ್ದೀತು. ಐದೂವರೆಗೆ ಎದ್ದು ಗಳಿಸಿದುದೆಲ್ಲ ಎಂಟು ಗಂಟೆಯ ಒಗ್ಗರಣೆಯಲ್ಲಿ, ಬಡ್ಡಿ ಸಹಿತವಾಗಿ, ತೀರಿಹೋಗುತ್ತಿತ್ತು. “ಹಾಗಾದರೆ ನನ್ನ ಕೈಯಡಿಗೆಯೇ ಇವನ ಹೊಟ್ಟೆಗೆ ಅಡ್ಡ ಬಂತೆನ್ನು” ಎಂದರು ತಾಯಿ, ಸೌಟನ್ನು ತುಸು ಜೋರಾಗಿಯೇ ಕೆಳಗಿಟ್ಟು.

ದಾವಣಗೆರೆಯ ಬೆಣ್ಣೆದೋಸೆಯ ಮೇಲೆ ಕರಗುತ್ತ ಕುಳಿತ 20 ಗ್ರಾಂ ಬೆಣ್ಣೆಯೊಂದೇ ಸುಮಾರು 145 ಕ್ಯಾಲೊರಿ. ದೋಸೆ, ಪಲ್ಯ, ಚಟ್ನಿಗಳ ಲೆಕ್ಕ ಬೇರೆ. ಒಂದು ಕಿಲೊ ಮೈಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿಯ ಸಂಗ್ರಹವಿದೆ. ದಿನಕ್ಕೆ 500ರಂತೆ ಕೊರತೆ ಮಾಡಿಕೊಂಡರೆ ಎರಡು ವಾರಕ್ಕಿಂತ ತುಸು ಹೆಚ್ಚಿನ ಅವಧಿಯಲ್ಲಿ ಒಂದು ಕಿಲೊ ಇಳಿಯಬೇಕು. ಆದರೆ ಶರೀರವು ಜಾಣ ಗೃಹಸ್ಥನಂತೆ, ಆದಾಯ ಕಡಮೆಯಾದೊಡನೆ ವೆಚ್ಚವನ್ನೂ ಬಿಗಿಹಿಡಿಯುವುದರಿಂದ, ತಿಂಗಳು ಕಳೆದಂತೆ ಲೆಕ್ಕವು ಕಾಗದದ ಮೇಲಿನಷ್ಟು ಚುರುಕಾಗಿ ನಡೆಯದು.

ಹಾಗೆಂದು ಊಟವನ್ನೇ ಬಿಡುವ ಶೂರರಿದ್ದಾರೆ. ಅವರಿಗೆ ಒದಗುವ ಗತಿಯೇ ಬೇರೆ. ಬರಿಯ ಉಪವಾಸದಿಂದ ಇಳಿಯುವ ತೂಕದಲ್ಲಿ ಕೊಬ್ಬಿನೊಡನೆ ಸ್ನಾಯುವೂ ಸೇರಿರುವುದು. ಹೊದಿಕೆ ತೆಳುವಾಗುವ ಹೊತ್ತಿಗೆ ಒಳಗಿನ ವಿಗ್ರಹವೂ ಸವೆದಿರುವುದು. ವ್ಯಾಯಾಮದ ನಿಜವಾದ ಪಾತ್ರವು ಇಲ್ಲಿಯೇ ಇದೆ. ಭಾರವನ್ನೆತ್ತುವ, ಜೋತುಬೀಳುವ, ತಳ್ಳುವ ಕಸರತ್ತುಗಳು ಸ್ನಾಯುವಿಗೆ ‘ನೀನು ಬೇಕು’ ಎಂದು ದಿನವೂ ಹೇಳುತ್ತಿರುವುವು. ಅದೂ ದಿನೇದಿನೇ ತುಸು ಹೆಚ್ಚಿನ ಭಾರದಿಂದ ಹೇಳಬೇಕು. ಇನ್ನೂರು ಸಲ ಲೀಲಾಜಾಲವಾಗಿ ಮಾಡಬಹುದಾದ ಕ್ರಂಚಸ್ಸಿಗಿಂತ, ಕಂಬಿಗೆ ಜೋತು ಕಾಲುಗಳನ್ನು ಹತ್ತೇ ಸಲ ಕಷ್ಟಪಟ್ಟು ಎತ್ತುವುದು ಸ್ನಾಯುವನ್ನು ದಪ್ಪಗೊಳಿಸುವುದು. ಉದರಸ್ನಾಯುವಿನ ನಿತ್ಯದ ಕೆಲಸವು ಮೈಯನ್ನು ಬಾಗಿಸುವುದಕ್ಕಿಂತ ಹೆಚ್ಚಾಗಿ ಅನುಚಿತವಾಗಿ ಬಾಗದಂತೆ ಬೆನ್ನೆಲುಬನ್ನು ಕಾಯುವುದು. ಗ್ಯಾಸ್ ಸಿಲಿಂಡರನ್ನು ಎತ್ತಿ ಮಹಡಿ ಹತ್ತುವವನು ಯಾವ ಪುಸ್ತಕವನ್ನೂ ಓದದೆಯೇ ಈ ಪಾಠವನ್ನು ಬಲ್ಲನು.

ಇನ್ನು ಸ್ನಾಯುವಿನ ಆಹಾರವಾದ ಸಸಾರಜನಕ. ಸಾಮಾನ್ಯ ಜೀವನಕ್ಕೆ ಕಿಲೊ ತೂಕಕ್ಕೆ 0.83 ಗ್ರಾಂ ಸಾಕೆಂದು ನಮ್ಮ ದೇಶದ ಪೌಷ್ಟಿಕತೆಯ ತಜ್ಞರು ಹೇಳಿದ್ದಾರೆ, ಭಾರವೆತ್ತುವವರಿಗೆ 1.6ರವರೆಗೂ ಪ್ರಯೋಜನವುಂಟೆಂದು ಇತ್ತೀಚಿನ ಅಧ್ಯಯನಗಳು ಸೂಚಿಸುತ್ತವೆ. ನಮ್ಮ ಹುಡುಗನಿಗೆ ಇದು ದಿನಕ್ಕೆ 96 ಗ್ರಾಂ ಆಯಿತು. ಅವನು ಉಣ್ಣುತ್ತಿದ್ದ ತಿಳಿಸಾರಿನಲ್ಲಿ ಬೇಳೆಯನ್ನು ಹುಡುಕಬೇಕಾದರೆ ಮುಳುಗುವವನೇ ಬೇಕು! ಡಬ್ಬಿಯ ಪುಡಿಗೆ ಅವನು ಆಸೆಪಟ್ಟನು. ಅಜ್ಜಿ ಬಸ್ಸಾರಿಗೆ ಹುರುಳಿಕಾಳು ನೆನೆಹಾಕಿದರು. ಕಾಳಿನ ಕಟ್ಟು ಸಾರಿಗೆ, ಬಸಿದ ಕಾಳು ಪಲ್ಯಕ್ಕೆ. ನೂರು ಗ್ರಾಂ ಒಣ ಹುರುಳಿಯಲ್ಲಿ 22 ಗ್ರಾಮಿನಷ್ಟು ಸಸಾರಜನಕವುಂಟು, ತೊಗರಿಬೇಳೆಯಲ್ಲಿಯೂ ಹೆಚ್ಚುಕಡಮೆ ಅಷ್ಟೇ. ಒಂದು ಮೊಟ್ಟೆ 6 ಗ್ರಾಂ. ಕಡಲೆಕಾಯಿಯಲ್ಲಿ 25 ಗ್ರಾಂ ಇದೆಯೆಂದು ಹಿಗ್ಗುವಂತಿಲ್ಲ, ಅದರ ಅರ್ಧದಷ್ಟು ಎಣ್ಣೆಯೇ. ಅಂತೂ ಮುದ್ದೆ ಸಣ್ಣದಾಯಿತು, ಕಾಳು ರಾಶಿಯಾಯಿತು, ಎಣ್ಣೆಗೆ ಚಮಚ ಬಂದಿತು. ಹುಡುಗನ ಉದರಕ್ಕೆ ಅಷ್ಟು ಪಥ್ಯ ಸಾಕಾಯಿತು.

ನಿದ್ರೆಯ ವಿಷಯದಲ್ಲಿ ಮಾತ್ರ ಅವನು ನಮ್ಮ ಮಾತನ್ನು ಕೇಳಲಿಲ್ಲ. ಷಿಕಾಗೊ ನಗರದಲ್ಲಿ 10 ಮಂದಿಯನ್ನು ಒಂದೇ ಮಿತಾಹಾರದ ಮೇಲಿಟ್ಟು, ಹದಿನಾಲ್ಕು ದಿನ ಎಂಟೂವರೆ ಗಂಟೆಯ ನಿದ್ರೆಗೂ ಇನ್ನು ಹದಿನಾಲ್ಕು ದಿನ ಐದೂವರೆ ಗಂಟೆಯ ನಿದ್ರೆಗೂ ಅವಕಾಶ ಕೊಟ್ಟು ನೋಡಿದ್ದರು. ಅದು 2010ರಲ್ಲಿ ಪ್ರಕಟವಾಯಿತು. ಇಳಿದ ತೂಕ ಹೆಚ್ಚುಕಡಮೆ ಒಂದೇ. ಆದರೆ ನಿದ್ರೆಗೆಟ್ಟಾಗ ಅದರಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತ ಕಡಮೆಗೆ ಇಳಿದು, ಸ್ನಾಯು ಮೊದಲಾದುವುಗಳ ನಷ್ಟವೇ ಹೆಚ್ಚಿತ್ತು. ಮಹಡಿಯ ಕೋಣೆಯಲ್ಲಿ ರಾತ್ರಿ ಒಂದು ಗಂಟೆಯವರೆಗೆ ಮೊಬೈಲಿನ ನೀಲಿ ಬೆಳಕು ಕಾಣುತ್ತಲೇ ಇದೆ.

ಬಲಕ್ಕೂ ಈ ಗೆರೆಗಳಿಗೂ ಏನು ಸಂಬಂಧವೆಂದು ತಿಳಿಯಬೇಕಾದವರು ಮೈಸೂರಿನ ಯಾವುದಾದರೊಂದು ಹಳೆಯ ಗರಡಿಮನೆಯ ತಗ್ಗುಬಾಗಿಲಲ್ಲಿ ತಲೆಬಾಗಿ ಒಳಹೊಕ್ಕು ನೋಡಬೇಕು. ಕೆಮ್ಮಣ್ಣಿನ ಮಟ್ಟಿ, ಗೋಡೆಯ ಗೂಡಿನಲ್ಲಿ ಆಂಜನೇಯ, ಮೂಲೆಯಲ್ಲಿ ಗದೆಗಳು, ಮಣ್ಣಿಗೆ ಬೆರೆತ ಎಣ್ಣೆಯ ಮತ್ತು ಬೆವರಿನ ಒಂದು ವಾಸನೆ. ಸಾವಿರಗಟ್ಟಲೆ ದಂಡೆ, ಬಸ್ಕಿ ಹೊಡೆದು ಬೆಳೆದ ಪೈಲ್ವಾನರು ಅಲ್ಲಿ ಕಾಣಸಿಗುವರು. ಎದುರಾಳಿಯನ್ನು ಎತ್ತಿ ಒಗೆಯಬಲ್ಲ ಅವರ ಮೈಗಳಲ್ಲಿ ಹಾಲು, ತುಪ್ಪ, ಬಾದಾಮಿಗಳ ಸಮೃದ್ಧಿಯಿಂದ ಹೊಟ್ಟೆಯು ದುಂಡಗಿರುವುದೇ ಹೆಚ್ಚು. ಕುಸ್ತಿಯಲ್ಲಿ ತೂಕವೂ ಒಂದು ಆಯುಧವಾದುದರಿಂದ ಅದನ್ನು ಕಳೆದುಕೊಳ್ಳುವ ದಡ್ಡತನ ಅವರಿಗಿಲ್ಲ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗಕ್ಕಿಳಿಯುವ ಜಟ್ಟಿಗಳ ಹೊಟ್ಟೆಯ ಮೇಲೆ ಯಾರೂ ಗೆರೆಗಳನ್ನು ಎಣಿಸಿದವರಿಲ್ಲ.

ಹಾಗಾದರೆ ಈ ಗೆರೆಗಳ ಮೋಹವು ನಮ್ಮಲ್ಲಿಗೆ ಎಲ್ಲಿಂದ ಬಂದಿತು? ಗ್ರೀಕ್ ಶಿಲೆಗಳ ಪ್ರಮಾಣವನ್ನು ತನ್ನ ಮೈಯಲ್ಲಿ ಮೂಡಿಸಿಕೊಳ್ಳಲು ಹೊರಟ ಯೂಜೆನ್ ಸ್ಯಾಂಡೋ ಎಂಬಾತನು, 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಶರೀರಸೌಷ್ಠವದ ಸ್ಪರ್ಧೆಯನ್ನೇರ್ಪಡಿಸಿ, ಆ ಬಳಿಕ ಭಾರತಕ್ಕೂ ಬಂದುಹೋದನು. ಅವನ ಹೆಸರು ನಮ್ಮ ಬಟ್ಟೆಯಂಗಡಿಗಳಲ್ಲಿ ಸ್ಯಾಂಡೋ ಬನಿಯನ್ನಾಗಿ ಇಂದಿಗೂ ನೇತಾಡುತ್ತಿದೆ. ಕನ್ನಡಿಗರಿಗೆ ಈ ವಿದ್ಯೆಯ ಆಚಾರ್ಯರಾದವರು ಕೆ. ವಿ. ಅಯ್ಯರ್, ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ನಮ್ಮಲ್ಲಿ ಅನೇಕರು ಬಲ್ಲ ಅವರೇ ಬೆಂಗಳೂರಿನ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿ, 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಗ್ರಂಥವನ್ನು ಬರೆದು, ಅಂಚೆಯ ಮೂಲಕವೂ ಶಿಷ್ಯರಿಗೆ ಪಾಠ ಹೇಳಿದವರು. ಭಾರದ ಕಸರತ್ತಿನ ಪಕ್ಕದಲ್ಲಿಯೇ ಆಸನಗಳನ್ನೂ ಸೂರ್ಯನಮಸ್ಕಾರವನ್ನೂ ಇಟ್ಟುದು ಅವರ ವಿಶೇಷ. ಹಠಯೋಗದಲ್ಲಿ ನೌಲಿಯೆಂಬ ಕ್ರಿಯೆಯಿದೆ: ಉಸಿರನ್ನು ಪೂರ್ತಿ ಹೊರಬಿಟ್ಟು, ಹೊಟ್ಟೆಯನ್ನು ಒಳಕ್ಕೆಳೆದು, ನಡುವಿನ ರೆಕ್ಟಸ್ ಸ್ನಾಯುವೊಂದನ್ನೇ ಕಂಬದಂತೆ ಮುಂದಕ್ಕೆ ನಿಲ್ಲಿಸಿ ಎಡಬಲಕ್ಕೆ ತಿರುಗಿಸುವುದು. 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದ ಸ್ವಾಮಿ ಕುವಲಯಾನಂದರು ನೌಲಿಯ ವೇಳೆ ಕರುಳಿನೊಳಗಿನ ಒತ್ತಡವು ಇಳಿಯುವುದನ್ನು ಯಂತ್ರದಿಂದ ಅಳೆದು ತೋರಿಸಿದ್ದರು. ಆರು ಗಂಟುಗಳ ಗೀಳು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಈ ಸ್ನಾಯುವಿನ ಇರವನ್ನು ಬಲ್ಲವರು ನಮ್ಮಲ್ಲಿದ್ದರೆಂಬುದಕ್ಕಾಗಿ ಇದನ್ನು ಹೇಳಿದೆ. 2007ರ ‘ಓಂ ಶಾಂತಿ ಓಂ’ ಚಿತ್ರದ ಹಾಡೊಂದರಲ್ಲಿ ಶಾರುಖ್ ಖಾನ್ ಅಂಗಿ ಬಿಚ್ಚಿದ ಮೇಲೆ ಸಿಕ್ಸ್ ಪ್ಯಾಕ್ ಎಂಬ ಮಾತು ಹಳ್ಳಿಹಳ್ಳಿಯ ಕ್ಷೌರದಂಗಡಿಯನ್ನೂ ಮುಟ್ಟಿತು. ಮುಂದಿನದು ಎಲ್ಲರೂ ಬಲ್ಲುದೇ.

ಆದರೆ ಕಾಣುವ ಕೊಬ್ಬಿಗಿಂತ ಕಾಣದ ಕೊಬ್ಬು ನಮ್ಮವರಿಗೆ ದೊಡ್ಡ ಶತ್ರು. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರೂ ಲಂಡನ್ನಿನ ಅವರ ಮಿತ್ರ ಜಾನ್ ಯುಡ್ಕಿನ್ನರೂ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಭಾವಚಿತ್ರವನ್ನೇ ಅಕ್ಕಪಕ್ಕದಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕವು ಇಬ್ಬರಿಗೂ 22.3, ಯಂತ್ರದಲ್ಲಿ ಅಳೆದಾಗ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕರಲ್ಲಿ 21.2! ತೆಳ್ಳಗೆ ಕಾಣುವ ಭಾರತೀಯನೊಳಗೆ ಕೊಬ್ಬು ಅಡಗಿ ಕುಳಿತಿರಬಲ್ಲುದೆಂಬುದನ್ನು ಇಷ್ಟು ಸಂಕ್ಷೇಪವಾಗಿ ಬೇರಾರೂ ತೋರಿಸಿಲ್ಲ. ಸ್ನಾಯುವಿನ ಹಿಂದೆ, ಕರುಳು-ಯಕೃತ್ತುಗಳ ಸುತ್ತ ಶೇಖರವಾಗುವ ಈ ಕೊಬ್ಬೇ ಮಧುಮೇಹಕ್ಕೆ, ಹೃದ್ರೋಗಕ್ಕೆ ದಾರಿಮಾಡುವುದು. ಸಮಾಧಾನದ ಸಂಗತಿಯೆಂದರೆ ಚರ್ಮದಡಿಯ ಕೊಬ್ಬಿಗಿಂತ ಇದು ಬೇಗ ಸೋಲುವುದು. ದಿನವೂ ಬಿರುಸಾಗಿ ನಡೆಯುವವನಲ್ಲಿ ಗೆರೆಗಳೊಂದೂ ಮೂಡದಿರುವಾಗಲೇ ಒಳಗಿನ ಕೊಬ್ಬು ಕರಗತೊಡಗಿರುವುದು.

ಭಾರತೀಯ ಪುರುಷನ ಸುತ್ತಳತೆ 90 ಸೆಂಟಿಮೀಟರ್, ಸ್ತ್ರೀಯದು 80 ಮೀರಬಾರದೆಂದು ವೈದ್ಯರು ಮಿತಿ ಹಾಕಿದ್ದಾರೆ. ನನ್ನದು ಎಷ್ಟೆಂದು ನನಗೆ ತಿಳಿಸಿದವನು ನಮ್ಮ ಬೀದಿಯ ದರ್ಜಿ. ಟೇಪನ್ನು ಹೊಕ್ಕುಳಿನ ಸುತ್ತ ತಂದು ಹಿಡಿದು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ಹೊಟ್ಟೆ ಮೂವತ್ತೇಳು ಸಾರ್. ಪ್ಯಾಂಟಿಗೆ ಮೂವತ್ನಾಲ್ಕೇ ಇಡ್ತೀನಿ, ಹೇಗೂ ಹೊಟ್ಟೆ ಕೆಳಗೆ ಕಟ್ಕೋತೀರಲ್ಲ” ಎಂದ. ಹತ್ತು ವರ್ಷಗಳಿಂದ ನನ್ನ ಸೊಂಟದಳತೆ ಬದಲಾಗಿಲ್ಲವೆಂದು ನಾನು ಪಡುತ್ತಿದ್ದ ಹೆಮ್ಮೆಯ ರಹಸ್ಯವು ಹೀಗೆ ಬಯಲಾಯಿತು.

ಗೆರೆಗಳಿಗಾಗಿ ತೆರಬೇಕಾದ ಬೆಲೆಯ ಮಾತೊಂದು ಉಳಿದಿದೆ. ಗಂಡಸರಲ್ಲಿ ಕೊಬ್ಬು ಶೇಕಡ 10-12ಕ್ಕೆ ಇಳಿಯುವವರೆಗೆ ಗೆರೆಗಳು ಸ್ಪಷ್ಟವಾಗಿ ಕಾಣಿಸುವುದು ಅಪರೂಪ. ಹೆಂಗಸರ ಶರೀರಕ್ಕೆ ನಿಸರ್ಗವು ವಿಧಿಸಿದ ಕೊಬ್ಬಿನ ಪ್ರಮಾಣವೇ ಹೆಚ್ಚಾದುದರಿಂದ, ಅದನ್ನು ಹಟದಿಂದ ಇಳಿಸಹೋದವರಲ್ಲಿ ಮುಟ್ಟು ನಿಂತುಹೋಗುವುದುಂಟು, ಮೂಳೆ ಸವೆಯುವುದುಂಟು. ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬವರು 36 ಮಂದಿ ಆರೋಗ್ಯವಂತ ತರುಣರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟಾಗ, ಅವರು ಸಿಡುಕರಾದರು, ಖಿನ್ನರಾದರು, ಸದಾ ಚಳಿಯೆನ್ನುತ್ತಿದ್ದರು. ಅಡಿಗೆಯ ಪುಸ್ತಕಗಳನ್ನು ಸಂಗ್ರಹಿಸಿ ಕಾದಂಬರಿಯಂತೆ ಓದತೊಡಗಿದರು. ಬೆಳ್ಳಿತೆರೆಯ ನಟರ ಉದರಗಳೂ ಚಿತ್ರೀಕರಣದ ಆ ಕೆಲವು ದಿನಗಳಿಗಾಗಿ ನೀರು-ಉಪ್ಪುಗಳನ್ನು ಬಿಗಿಹಿಡಿದು, ಓರೆಬೆಳಕಿನಲ್ಲಿ ನಿಲ್ಲಿಸಿ ತೆಗೆದವೇ ಹೆಚ್ಚು. ವರ್ಷದ ಉಳಿದ ದಿನಗಳಲ್ಲಿ ಅವರೂ ಅಂಗಿ ತೊಟ್ಟೇ ಇರುತ್ತಾರೆ.

ನಮ್ಮ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಅವನು ಕೇಳಿದಷ್ಟನ್ನು ಕೇಳಿ, ಬಿಟ್ಟಷ್ಟನ್ನು ಬಿಟ್ಟು, ನಾಲ್ಕು ತಿಂಗಳು ಕಾಳು ತಿಂದು, ಕಂಬಿಗೆ ಜೋತುಬಿದ್ದನು. ಯುಗಾದಿಯ ಹಿಂದಿನ ರಾತ್ರಿ ಮಹಡಿಯಿಂದ ಕೂಗಿ ಕರೆದನು. ಟ್ಯೂಬ್‌ಲೈಟಿನ ನೇರ ಕೆಳಗೆ, ಗೋಡೆಗೆ ತುಸು ಓರೆಯಾಗಿ ನಿಂತು ಉಸಿರು ಬಿಗಿಹಿಡಿದಾಗ ಮೇಲಿನ ನಾಲ್ಕು ಗಂಟುಗಳು, ಎಡದ್ದು ಬಲದ್ದಕ್ಕಿಂತ ಅರ್ಧ ಬೆರಳು ಮೇಲೆ, ನಿಜವಾಗಿಯೂ ಕಾಣಿಸಿದುವು. ಮಾರನೆಯ ದಿನ ಬಾಳೆಯೆಲೆಯ ತುದಿಗೆ ಅಜ್ಜಿ ಬೇಳೆ ಹೋಳಿಗೆಯನ್ನಿಟ್ಟು, ಚಮಚವನ್ನು ಬೇಕೆಂದೇ ಮರೆತು, ತುಪ್ಪದ ಗಿಂಡಿಯನ್ನೇ ಎತ್ತಿಕೊಂಡರು. “ಒಂದು ನಿಮಿಷ ಅಜ್ಜಿ” ಎಂದು ಹುಡುಗನು ಎಲೆಯ ಮುಂದಿನಿಂದೆದ್ದು ಮೆಟ್ಟಿಲು ಹತ್ತಿದ. ಬಡಿಸುವುದಕ್ಕೆ ಮೊದಲು ಒಂದು ಫೋಟೊ ತೆಗೆದಿಟ್ಟುಕೊಳ್ಳಬೇಕಾಗಿತ್ತಂತೆ.